ಬೆಳ್ಳಕ್ಕಿಯ ಟೊಳ್ಳು ಕಾಲು

“ಒಂದು ಕಾಲಿನ ರೊಕ್ಕದಾಗ ಅಕ್ಕಿಆಲೂರ ಮಿಲ್ಲಿನಿಂದ ಲಾರಿ ತುಂಬ ಅಕ್ಕಿ ಬರ್ತಿತ್ರಿ,” ಎಂದ ಮಾಲತೇಶ. “ನಾಕೂ ಕಾಲು, ಎಂಜಿನ್ನು, ಕ್ಯಾಮೆರಾ ಎಲ್ಲಾ ಕೂಡಿಸಿದ್ರ ಹುಲಗೂರಿಂದ ಸವಣೂರ ತನಕ ಎರಡ ಸಲ ಡಾಂಬರ ಹಾಕಬಹುದಿತ್ತು.”

“ಈಗೇನ ಬರ್ತೈತಿ?”

“ಈಗ ಗುಜರಿಯವನ ತಕ್ಕಡಿ ಹೇಳಬೇಕ್ರಿ. ಕಿಲೋದ ಮ್ಯಾಲ.”

ಸಾವಂತ್ರವ್ವ ಮಗುಚಿ ಬಿದ್ದಿದ್ದ ಯಂತ್ರಕ್ಕೆ ಒಂದು ಸುತ್ತು ಹಾಕಿದಳು. ಉದ್ದನೆಯ ಸಪೂರ ಕಾಲುಗಳ ಮೇಲೆ ಬೆಳ್ಳಗೆ ನಿಲ್ಲುತ್ತಿದ್ದುದಕ್ಕೆ ಕಂಪನಿಯವರೇ ಅದಕ್ಕೆ ‘ಬೆಳ್ಳಕ್ಕಿ’ ಎಂದು ಹೆಸರಿಟ್ಟಿದ್ದರು. ಚಂದ್ರನ ಮೇಲೆ ತಾನಾಗಿ ಇಳಿಯಬೇಕಿದ್ದ ಆ ಖಾಸಗಿ ಯಂತ್ರ, ಸವಣೂರಿನ ಹೊರಗಿನ ಈ ಶೆಡ್ಡಿನಲ್ಲಿ, ದುಡ್ಡು ಹಾಕುವವರ ಕಣ್ಣೆದುರೇ ನಡೆದ ಪರೀಕ್ಷೆಯಲ್ಲಿ ಉರುಳಿತ್ತು. ದುಡ್ಡಿನವರು ಊಟಕ್ಕೂ ನಿಲ್ಲದೆ ಹೋದರು. ಮರುದಿನ ಇಡೀ ಯೋಜನೆಯೇ ರದ್ದಾಯಿತು.

ಪರೀಕ್ಷೆ ಎಂದರೆ ದೊಡ್ಡದೇನಲ್ಲ. ಚಂದ್ರನ ಮಣ್ಣಿನಂತೆ ಕಲ್ಲುಪುಡಿ ಹರಡಿದ ಹೊಂಡ, ಮೇಲೊಂದು ಕ್ರೇನು. ಬೆಳ್ಳಕ್ಕಿಯನ್ನು ಎತ್ತಿ ಧೊಪ್ಪೆಂದು ಬಿಡುವುದು. ಪ್ರತಿ ಕಾಲಿನ ಕೊಳವೆಯೊಳಗೂ ಜೇನುತಟ್ಟಿನ ಕಣ್ಣುಗಳಂಥ ಅಲ್ಯುಮಿನಿಯಂ ದಿಂಡು ಇರುತ್ತಿತ್ತು. ನೆಲ ಮುಟ್ಟಿದಾಗ ಅದು ನುಜ್ಜಾಗಿ ಪೆಟ್ಟನ್ನೆಲ್ಲ ತಾನು ತಿನ್ನಬೇಕು, ಯಂತ್ರ ಸುಮ್ಮನೆ ನಿಲ್ಲಬೇಕು.

ಆದರೆ ಎರಡು ಕಾಲುಗಳೊಳಗೆ ದಿಂಡೇ ಇರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಯಾರೋ ತೆಗೆದಿದ್ದರು.

ಸಾವಂತ್ರವ್ವ ಕುಕ್ಕರುಗಾಲಲ್ಲಿ ಕುಳಿತು ಕಾಲುಗಳ ಮುಚ್ಚಳ ನೋಡಿದಳು. ಒಂದರ ಸ್ಕ್ರೂ ತಲೆಗಳು ಹೊಸದರಂತೆ ನುಣ್ಣಗಿದ್ದವು. ಇನ್ನೊಂದರವು ಕಿತ್ತುಹೋಗಿದ್ದವು, ಯಾರೋ ಸರಿಯಾದ ಹತ್ಯಾರವಿಲ್ಲದೆ ಸಿಟ್ಟಿನಿಂದ ತಿರುವಿದಂತೆ. ಕಡೆಕಡೆಗೆ ಗಡಿಬಿಡಿ ಬಿದ್ದಿರಬೇಕು ಎಂದುಕೊಂಡಳು. ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಆದರೂ ಎದ್ದಳು.

ಹಾನಗಲ್ಲ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಮೇಲೆ ಅವಳ ಮನೆಗೆ ಬರುತ್ತಿದ್ದುದು ಕಳೆದ ಆಕಳು, ಓಡಿಹೋದ ಅಳಿಯಂದಿರ ತಂಟೆಗಳು. ಚಂದ್ರನಿಗೆ ಸಂಬಂಧಪಟ್ಟದ್ದು ಇದೇ ಮೊದಲು. ಕಳ್ಳತನಕ್ಕೆ ಚಂದ್ರನೇನು, ಚಪ್ಪರವೇನು. ಎಲ್ಲ ಕಡೆಯೂ ಕಳ್ಳ ಕಾಲಿನ ಮೇಲೇ ಬರುತ್ತಾನೆ.

“ಇನ್ನೂ ಎಷ್ಟೊತ್ತ ನೋಡ್ತೀರಿ?” ಮಾಲತೇಶ ಬೀಗದಕೈ ಗೊಂಚಲನ್ನು ಗಲಗಲಿಸಿದ. ಹಿರೇಕೆರೂರ ಕಡೆಯವನು, ಶೆಡ್ಡಿನ ಮ್ಯಾನೇಜರು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. “ಕಳ್ಳ ಸಿಕ್ಕಾನ, ಬೂಟ ಸಿಕ್ಕಾವು. ಸಂಜಿಕ ಪಿ.ಎಸ್.ಐ. ಬಂದು ಒಯ್ತಾರ. ನಡುವ ನಿಮ್ದೇನ ಅಕ್ಕಾರ?”

“ನನ್ನ ಕರಿಸಿದವರು ನಿಮ್ಮ ಮಾಲಕರು. ಅವರನ್ನ ಕೇಳ್ರಿ.”

“ಅವರಿಗೆ ತಲಿ ಕೆಟ್ಟೈತಿ.”

“ನಿಮಗೇನ ಆಗೈತಿ? ಗೋವಿನಜೋಳದ ಗೋದಾಮಿನವರಿಗೆ ಈ ಶೆಡ್ಡು ತೋರಿಸೀರಂತಲ್ಲ. ಬೆಳ್ಳಕ್ಕಿ ಬೀಳೂಕ್ಕಿಂತ ಮೊದಲ?”

ಗೊಂಚಲು ನಿಂತಿತು.

“ಯಾರಂದ್ರು?”

“ಗೋದಾಮಿನವರ.”

ಮಾಲತೇಶ ಕಲ್ಲುಪುಡಿಯ ಮೇಲೆ ಉಗುಳಿದ. “ಕಂಪನಿ ಮುಳಗಾಕತ್ತಿತ್ತು. ನಾ ನನ್ನ ಹೊಟ್ಟಿ ನೋಡ್ಕೊಂಡೇನಿ. ಅದು ಗುನ್ನೆ ಅಲ್ಲ.”

“ಅಲ್ಲ,” ಎಂದಳು ಸಾವಂತ್ರವ್ವ. “ಹೇಳದ ಮುಚ್ಚಿಟ್ಟದ್ದೂ ಗುನ್ನೆ ಅಲ್ಲ. ಆದ್ರ ಮುಚ್ಚಿಟ್ಟವರ ಮ್ಯಾಲ ನನ್ನ ಕಣ್ಣ ಜಾಸ್ತಿ.”

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಶಾಹಬಾಜ ಕುಳಿತಿದ್ದ. ಹುಬ್ಬಳ್ಳಿಯವನು, ಬೆಳ್ಳಕ್ಕಿಯ ಕಾಲುಗಳನ್ನು ರೂಪಿಸಿದ ಎಂಜಿನಿಯರು. ತಾನು ಹುಟ್ಟಿಸಿದ ಕಾಲುಗಳನ್ನು ತಾನೇ ಮುರಿದನೆಂಬ ಅಪವಾದ ಅವನ ಮೇಲಿತ್ತು. ಪರೀಕ್ಷೆಗೆ ಮುಂಚೆ ಒಡತಿಯ ಜೊತೆ ದೊಡ್ಡ ದನಿಯಲ್ಲಿ ಜಗಳಾಡಿದ್ದು ನಿಜ. ಹುಲಗೂರ ರಸ್ತೆಯ ಬದಿಯಲ್ಲಿ ಸಿಕ್ಕ, ಮಣ್ಣು ಮೆತ್ತಿದ ಬೂಟು ಅವನವೇ ಎಂಬುದೂ ನಿಜ.

ಸಾವಂತ್ರವ್ವ ಕುರುಕಲು ಸವಣೂರ ಖಾರದ ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಮುಖ ತಿರುವಿದ.

“ನೀವೂ ಪೊಲೀಸರ ಪೈಕಿನ ಅಲ್ಲೇನ್ರಿ? ತಿನ್ನಿಸಿ ಬಾಯಿ ಬಿಡಸೂದ ನಂಗೂ ಗೊತ್ತೈತಿ.”

“ಬಾಯಿ ಬಿಡಬ್ಯಾಡಪ್ಪ. ಖಾರಾ ತಿನ್ನು. ಜಗಳ ಯಾಕಾತು?”

“ಕಾಲು ತಯಾರ ಅದಾವು, ಪರೀಕ್ಷಾ ಮಾಡೂಣು ಅಂದೆ. ಮೇಡಂ ಮುಂದ ಹಾಕೂಣು ಅಂದ್ರು. ಕಾಲು ನನ್ನವು, ಬೀಳೂದಿಲ್ಲ ಅಂತ ಒದರಿದೆ.” ಅವನು ಗೇಟಿನ ಕಡೆ ನೋಡಿದ. “ಒಂದ ಸಲ ಪೊಲೀಸ್ ಜೀಪ್ ಹತ್ತಿದ್ರ ಮುಗೀತ್ರಿ. ಇನ್ನ ಯಾವ ಕಂಪನಿಯವರೂ ನನ್ನ ಕೈಯಾಗ ಸ್ಕ್ರೂಡ್ರೈವರ್ ಸೈತ ಕೊಡೂದಿಲ್ಲ.”

“ಬೂಟ ಎಲ್ಲಿ ಇಡ್ತಿದ್ದಿ?”

“ಎಲ್ಲಾರೂ ಅಲ್ಲೇ.” ಬಾಗಿಲ ಬದಿಯ ಹಲಗೆ ತೋರಿಸಿದ. ಹೊರಗಿನ ಧೂಳು ಒಳಗೆ ಬರಬಾರದೆಂದು ಶೆಡ್ಡಿನಲ್ಲಿ ಎಲ್ಲರೂ ಬೇರೆ ಬೂಟು ಹಾಕುತ್ತಿದ್ದರು. ಒಳಗೆ ಹೆಸರು ಬರೆದ ಒಂದೇ ತರಹದ ಬೂಟುಗಳು, ಬೀಗವಿಲ್ಲದ ಹಲಗೆ. ಯಾರ ಕೈಗೆ ಬೇಕಾದರೂ ಸಿಗುತ್ತಿದ್ದವು.

ಸಾವಂತ್ರವ್ವ ಪೊಟ್ಟಣವನ್ನು ಅವನ ಪಕ್ಕದಲ್ಲಿಟ್ಟು ಹೊರಗೆ ಬಂದಳು.

ಹೊರಗೆ ವಿದ್ಯಾಶ್ರೀ ಕಾರಿಗೆ ಒರಗಿ ನಿಂತಿದ್ದಳು. ಕಂಪನಿ ಕಟ್ಟಿದವಳು ಅವಳೇ. ಮೈಸೂರಿನವಳೆಂದು ಎಲ್ಲರಿಗೂ ಗೊತ್ತು, ಮಾತೂ ಅಲ್ಲಿಯದೇ.

“ಏನಾದ್ರೂ ಗೊತ್ತಾಯ್ತಾ? ಸಂಜೆಯೊಳಗೆ ಹೇಳ್ತೀನಿ ಅಂದಿದ್ರಿ.”

“ಸಂಜಿ ಇನ್ನೂ ಆಗಿಲ್ಲ ಮೇಡಂ. ಒಂದ ಮಾತ. ಆ ಎಲಿ ತ್ವಾಟದಾಗ ನೀವೇನರ ಹೋಗಿದ್ರೇನು?”

“ನಾನಾ? ಆ ತೋಟದೊಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಆ ಅಜ್ಜಿ ನಮ್ಮನ್ನ ಕಂಡ್ರೆ ಉರಿದು ಬೀಳ್ತಾರೆ.”

ಉರಿದು ಬೀಳಲು ಕಾರಣವಿತ್ತು. ಶೆಡ್ಡಿನ ಹಿಂದೆಯೇ ಶಾರವ್ವನ ವೀಳ್ಯದೆಲೆ ತೋಟ. ಚೊಗಚೆ, ನುಗ್ಗೆ ಮರಗಳಿಗೆ ಹಬ್ಬಿದ ಬಳ್ಳಿಗಳ ಮೇಲೆ ಕಲ್ಲುಪುಡಿಯ ಧೂಳು ಕೂತು ಎಲೆಗೆ ಬೂದಿ ಬಣ್ಣ ಬಂದಿತ್ತು. ಇವರು ಚಂದ್ರನಿಗೆ ಹೋಗಲೆಂದು ತನ್ನ ಎಲೆ ಸಾಯಬೇಕೇ ಎಂದು ಮುದುಕಿ ದಿನಾ ಬೇಲಿಯ ಬಳಿ ನಿಂತು ಬೈಯುತ್ತಿದ್ದಳು.

ಪ್ರಕರಣದ ಗಂಟು ಇದ್ದುದು ಆ ತೋಟದಲ್ಲಿ. ಸಾವಂತ್ರವ್ವನ ಮೊಬೈಲಿನಲ್ಲಿ ಪೊಲೀಸರು ತೆಗೆದ ಫೋಟೋಗಳಿದ್ದವು. ಆ ರಾತ್ರಿ ಗೇಟಿನಲ್ಲಿ ಕಾವಲಿನವನಿದ್ದ. ಕಳ್ಳ ಹಿಂದಿನಿಂದ ನುಸುಳಿ, ತೋಟ ದಾಟಿ ಹುಲಗೂರ ರಸ್ತೆ ಸೇರಿದ್ದ. ಶಾಹಬಾಜನ ಬೂಟಿನ ಗುರುತು ಶೆಡ್ಡಿನಿಂದ ತೋಟದ ಒಡ್ಡಿನವರೆಗೆ ಬಂದಿತ್ತು. ಒಡ್ಡಿನ ಮೇಲೆ ಎರಡೂ ಬೂಟು ಜೋಡಿಯಾಗಿ, ಹಿಮ್ಮಡಿ ತೋಟದ ಕಡೆಗೆ, ಮುಂಗಾಲು ಶೆಡ್ಡಿನ ಕಡೆಗೆ ತಿರುಗಿ ನಿಂತಿದ್ದವು. ಅಲ್ಲಿಂದ ಮುಂದೆ ಮಾಯ. ತೋಟದೊಳಗೆ ಬೂಟಿನದು ಒಂದೂ ಹೆಜ್ಜೆಯಿಲ್ಲ. ಆಚೆ ಒಡ್ಡಿನ ಮೇಲೆ ಮತ್ತೆ ಜೋಡಿಯಾಗಿ ಎದ್ದು, ರಸ್ತೆಯ ಕಡೆಗೆ ಹೊರಟಿದ್ದವು.

ಯಾರಾದರೂ ಬೆನ್ನು ಹತ್ತಿದರೇ ಎಂದು ತಿರುಗಿ ನೋಡಿದ್ದಾನೆ, ಆಮೇಲೆ ಬಳ್ಳಿ ಸಾಲುಗಳ ನಡುವಿನ ಕಾಲುವೆಯ ನೀರಿನಲ್ಲಿ ನಡೆದಿದ್ದಾನೆ ಎಂದು ಪಿ.ಎಸ್.ಐ. ಬರೆದುಕೊಂಡಿದ್ದರು. ಬೇರೆ ಸೀಮೆಯಿಂದ ವರ್ಗವಾಗಿ ಬಂದವರು. ಅವರ ತಪ್ಪಲ್ಲ.

ಸಾವಂತ್ರವ್ವನ ಅಕ್ಕನನ್ನು ಸವಣೂರಿಗೆ ಕೊಟ್ಟಿದ್ದರು. ಎಲೆತೋಟದೊಳಗೆ ಕಾಲ್ಮರಿ ಮೆಟ್ಟಿ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತು. ಅದು ದೇವರ ಗುಡಿ ಇದ್ದ ಹಾಗೆ. ಹಿಂದೂ ಇರಲಿ, ಮುಸಲ್ಮಾನರಿರಲಿ, ಎಲೆ ಬೆಳೆಯುವವರೆಲ್ಲ ಒಡ್ಡಿನ ಮೇಲೆ ಅರೆಸುತ್ತು ತಿರುಗಿ, ಚಪ್ಪಲಿಯ ಮುಖ ಹೊರಗೆ ಮಾಡಿ ಬಿಟ್ಟು, ಹಿಂದಡಿಯಲ್ಲಿ ಒಳಗಿಳಿಯುತ್ತಾರೆ. ಹೊರೆ ಹೊತ್ತು ಬಂದಾಗ ಬಗ್ಗಿ ನೋಡದೆಯೇ ಕಾಲು ತೂರಿಸಬಹುದು. ಬೇರೆಯವರಿಗೂ ಈ ಕಟ್ಟಳೆ ಹೇಳಿಕೊಡಬಹುದು. ಆದರೆ ಕಳ್ಳತನ ಮಾಡಿ ಕತ್ತಲಲ್ಲಿ ಓಡುವಾಗಲೂ ಅದನ್ನು ಪಾಲಿಸಬೇಕಾದರೆ ಕಾಲು ಆ ತೋಟಗಳಲ್ಲೇ ಬೆಳೆದಿರಬೇಕು.

ಕಳ್ಳ ಬೂಟು ಬಿಟ್ಟು, ಎತ್ತಿಕೊಂಡು, ಬರಿಗಾಲಲ್ಲಿ ತೋಟ ದಾಟಿದ್ದ. ಒಳಗೆ ಶಾರವ್ವನ ಮನೆಯವರ ಬರಿಗಾಲ ಹೆಜ್ಜೆಗಳು ನೂರಾರಿದ್ದವು; ಅವುಗಳಲ್ಲಿ ಅವನದೂ ಕಲೆತು ಹೋಗಿತ್ತು.

ಮಾಲತೇಶನ ತಾಯಿಯ ತವರು ಸವಣೂರು. ಎಲೆತೋಟದವರು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಾವಂತ್ರವ್ವನ ಅಕ್ಕ ಹೇಳಿದ್ದಳು.

“ಮಾಲತೇಶಣ್ಣಾರ,” ಎಂದು ಕೂಗಿದಳು. “ಬರ್ರಿ, ಒಂದೀಟ ಒಡ್ಡಿನ ತನಕ ಹೋಗೂಣು.”

“ಅಲ್ಲೇನೈತಿ?”

“ನಿಮ್ಮ ಕಳ್ಳ ಹಾರಿಹೋದ ದಾರಿ.”

ಗೊಣಗುತ್ತ ಬಂದ. ವಿದ್ಯಾಶ್ರೀಯೂ ಹಿಂದೆ ಬಂದಳು.

ಒಡ್ಡಿನ ಮೇಲೆ ಸಾವಂತ್ರವ್ವ ಬೇಕೆಂದೇ ಹೊರಗೆ ನಿಂತಳು. ತಾನು ಮೊದಲು ಚಪ್ಪಲಿ ಬಿಟ್ಟರೆ ನೋಡಿದವರೂ ಬಿಡುತ್ತಾರೆ. ಹಾಗಾದರೆ ಪರೀಕ್ಷೆ ಕೆಟ್ಟಂತೆ.

“ಇಲ್ಲಿ ಬೂಟ ನಿಂತಾವು. ಆಚಿ ಒಡ್ಡಿನ ಮ್ಯಾಲ ಮತ್ತ ಎದ್ದಾವು. ನಡುವ ಹೆಂಗ ಹೋದ್ವು? ರೆಕ್ಕಿ ಬಂದ್ವೇನು?”

“ಕಾಲಿವಿ ಹಿಡದ ಹೋಗ್ಯಾನ್ರಿ! ಕಣ್ಣಿಲ್ಲೇನ ನಿಮಗ?”

“ಈ ಕಾಲಿವ್ಯಾಗ? ಅದರಾಗ ಕೋಳಿನೂ ನಡಿಯಾಕ ಬರೂದಿಲ್ಲ.”

“ಬರೂದಿಲ್ಲ?” ಮಾಲತೇಶನ ಮುಖ ಕೆಂಪಗಾಯಿತು. “ಸಾಯೂ ಕಾಲಕ್ಕ ಪತ್ತೇದಾರಕಿ ಮಾಡಾಕ ಹೊಂಟಾರ! ನೋಡ್ರಿಲ್ಲೆ, ಹೆಂಗ ಬರೂದಿಲ್ಲ!”

ಧಡಧಡ ಒಳಗಿಳಿದ. ಬೂಟು ಮೆಟ್ಟಿಕೊಂಡೇ. ಒಂದು ಹೆಜ್ಜೆ ಕಾಲುವೆಯಲ್ಲಿ, ಇನ್ನೊಂದು ಬಳ್ಳಿಯ ಬುಡದಲ್ಲಿ. ಮೂರನೆಯದಕ್ಕೆ ಜಾರಿ, ಆಸರೆಗೆ ಬಳ್ಳಿಯನ್ನೇ ಹಿಡಿದ. ಬಳ್ಳಿ ಮರದಿಂದ ಕಿತ್ತು ಅವನ ಮೈಮೇಲೆ ಬಿತ್ತು.

ಸಾವಂತ್ರವ್ವ ನೋಡುತ್ತ ನಿಂತಳು. ಇವನ ಕಾಲಿಗೆ ಆ ಅಭ್ಯಾಸವೇ ಇಲ್ಲ. ತಾಯಿಯ ತವರು ಇವನಿಗೆ ಹೆಸರಿಗೆ ಮಾತ್ರ. ಆ ರಾತ್ರಿ ಈ ಒಡ್ಡಿನ ಮೇಲೆ ಬೂಟು ಬಿಟ್ಟವನು ಇವನಲ್ಲ.

“ಅಯ್ಯ ನಿನ್ನ ಹೆಣಾ ಎತ್ಲಿ!”

ಮರದ ಮರೆಯಿಂದ ಶಾರವ್ವ ಬಂದಳು. ಕೈಯಲ್ಲಿ ಕುಡಗೋಲು. “ಬೂಟ ಮೆಟ್ಟಿ ಬಂದೆಲ್ಲೋ ನನ್ನ ಎಲಿಯೊಳಗ! ಧೂಳ ಹಾಕಿದ್ದು ಸಾಲ್ಲಿಲ್ಲೇನು? ನಿನ್ನ ಕಾಲ ಕೊಯ್ದ ಬುಡಕ್ಕ ಗೊಬ್ಬರಾ ಹಾಕ್ತೇನಿ!”

“ಏ ಮುದುಕಿ, ಕುಡಗೋಲ ಕೆಳಗ ಹಾಕು!”

“ಹಾಕ್ತೇನಿ ತಡಿ, ನಿನ್ನ ಕುತ್ತಿಗಿ ಮ್ಯಾಲ ಹಾಕ್ತೇನಿ!”

ಮಾಲತೇಶ ಅವಳ ಕೈ ಹಿಡಿಯಲು ಹೋದ. ಮುದುಕಿ ಕುಡಗೋಲು ಬೀಸಿದಳು. ಅಂಗಿಯ ತೋಳು ಹರಿಯಿತು. ಅವನು ಅವಳನ್ನು ದೂಡಲು ಕೈಯೆತ್ತುವಷ್ಟರಲ್ಲಿ ವಿದ್ಯಾಶ್ರೀ ಸಾವಂತ್ರವ್ವನ ಪಕ್ಕದಿಂದ ಒಳಗೆ ನುಗ್ಗಿ ಇಬ್ಬರ ನಡುವೆ ನಿಂತಳು.

“ಕೈ ಇಳಿಸಿ ಮಾಲತೇಶ್! ವಯಸ್ಸಾದವರ ಮೇಲೆ ಕೈ ಮಾಡ್ತೀರಾ? ಹೊರಗೆ ಹೋಗಿ!”

“ಮೇಡಂ, ಅಂಗಿ ನೋಡ್ರಿ—”

“ಹೊರಗೆ!”

ಮಾಲತೇಶ ಕೆಸರು ಜಾಡಿಸುತ್ತ ಮೇಲೆ ಬಂದ. ಸಾವಂತ್ರವ್ವನ ಮುಂದೆ ಒಂದು ಕ್ಷಣ ನಿಂತು, “ನಿಮ್ಮ ಪತ್ತೇದಾರಕಿಗೆ ನನ್ನ ಅಂಗಿ ಹೋತು. ಸಂಜಿಕ ಆ ಹುಡುಗ ಜೀಪ ಹತ್ತತಾನ. ಆಮ್ಯಾಲ ನೀವು ಈ ಗೇಟಿನ ಒಳಗ ಕಾಲಿಡಬ್ಯಾಡ್ರಿ,” ಎಂದು ಶೆಡ್ಡಿನ ಕಡೆ ನಡೆದ.

ಅವನಿಗೆ ದಾರಿ ಬಿಡಲು ಸಾವಂತ್ರವ್ವ ಪಕ್ಕಕ್ಕೆ ಸರಿದಳು. ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು.

ಒಡ್ಡಿನ ಮೇಲೆ ಒಂದು ಜೊತೆ ಹೆಂಗಸರ ಚಪ್ಪಲಿ. ಜೋಡಿಯಾಗಿ, ಹಿಮ್ಮಡಿ ತೋಟದ ಕಡೆಗೆ, ಮುಂಗಾಲು ಶೆಡ್ಡಿನ ಕಡೆಗೆ.

ಕುಡಗೋಲಿನೆದುರು ನುಗ್ಗುವಾಗಲೂ ಕಾಲು ತಾನಾಗಿ ತಿರುಗಿ, ಚಪ್ಪಲಿ ಬಿಟ್ಟು ಹೋಗಿತ್ತು. ಬಿಟ್ಟವಳಿಗೇ ಅದರ ಅರಿವಿರಲಿಲ್ಲ.

ವಿದ್ಯಾಶ್ರೀ ಹರಿದ ಬಳ್ಳಿಯನ್ನು ಎತ್ತಿ ಮರಕ್ಕೆ ಆನಿಸುತ್ತಿದ್ದಳು. ಶಾರವ್ವ ಬೈಗುಳ ನಿಲ್ಲಿಸಿ ಅವಳ ಕೈಗಳನ್ನೇ ನೋಡುತ್ತಿದ್ದಳು. ಎಲೆ ನಲುಗದಂತೆ ಬಳ್ಳಿಯ ಗೆಣ್ಣಿನ ಕೆಳಗೆ ಬೆರಳು ಕೊಟ್ಟು ಎತ್ತುವ ಕೈಗಳು.

“ಯಾರ ಮಗಳ ಬೇ ನೀ?” ಎಂದಳು ಶಾರವ್ವ.

ವಿದ್ಯಾಶ್ರೀ ಬಳ್ಳಿಯನ್ನು ಮರಕ್ಕೆ ಒತ್ತಿ ಕೈ ತೆಗೆದಳು. ಒಡ್ಡಿನ ಕಡೆ ತಿರುಗಿದಳು. ಸಾವಂತ್ರವ್ವ ಒಂದು ಕೈಯಲ್ಲಿ ಮೊಬೈಲಿನ ಫೋಟೋ ಹಿಡಿದಿದ್ದಳು. ಇನ್ನೊಂದು ಕೈ ಚಪ್ಪಲಿಗಳನ್ನು ತೋರಿಸುತ್ತಿತ್ತು.

ವಿದ್ಯಾಶ್ರೀ ತನ್ನ ಬರಿಗಾಲು ನೋಡಿಕೊಂಡಳು.

“ತ್ವಾಟದಾಗ ಒಂದ ದಿನಾನೂ ಕಾಲಿಟ್ಟಿಲ್ಲ ಅಂದ್ರಿ,” ಎಂದಳು ಸಾವಂತ್ರವ್ವ.

ಗಾಳಿಗೆ ನುಗ್ಗೆಯ ಎಲೆ ಉದುರಿತು. ವಿದ್ಯಾಶ್ರೀಯ ಬಾಯಿಂದ ಬಂದ ಮಾತು ಮೈಸೂರಿನದಾಗಿರಲಿಲ್ಲ.

“ಆ ಶೆಡ್ಡು ಇರೂದ ನಮ್ಮಪ್ಪನ ತ್ವಾಟದ ಜಾಗಾದಾಗ್ರಿ.”

“ಫಕ್ಕೀರಪ್ಪನ ಮಗಳಾ!” ಶಾರವ್ವನ ಕುಡಗೋಲು ಇಳಿಯಿತು. ಮರುಕ್ಷಣವೇ ದನಿ ಏರಿತು. “ಅಪ್ಪನ ಎಲಿ ಕಡದ ಯಂತ್ರಾ ಇಟ್ಟಿಯೇನ? ಇದ್ದಿದ್ರ ಎದಿ ಒಡಕೊಂಡ ಸಾಯ್ತಿದ್ನಲ್ಲ ನಮ್ಮ ಫಕ್ಕೀರಪ್ಪ!”

“ಹಿಂಗ ಅಂತೀರಂತ ಯಾರಿಗೂ ಹೇಳಿರಲಿಲ್ಲ.” ವಿದ್ಯಾಶ್ರೀ ಒಡ್ಡಿನ ಬುಡಕ್ಕೆ ಬಂದು ನಿಂತಳು, ಮೇಲೆ ಹತ್ತಲಿಲ್ಲ. “ಪರೀಕ್ಷಾ ಪಾಸಾಗಿದ್ರ ಬೆಳ್ಳಕ್ಕಿ ದುಡ್ಡಿನವರದು. ಅವರು ಅದನ್ನ ತಮ್ಮೂರಿಗೆ ಒಯ್ಯಾವ್ರಿದ್ರು. ನನ್ನನ್ನೂ, ಹುಡುಗರನ್ನೂ ಬಿಟ್ಟು. ಒಂದೀಟ ಕುಂಟಿದ್ರ ಸಾಕಿತ್ತು, ಮತ್ತೊಂದ ಪರೀಕ್ಷಾ ಕೇಳಬಹುದಿತ್ತು. ಅಷ್ಟರಾಗ ಬ್ಯಾರೆ ದುಡ್ಡಿನವರನ್ನ ಹುಡಕ್ತಿದ್ದೆ.”

“ಅದಕ್ಕ ಶಾಹಬಾಜನ ಬೂಟ?”

“ಕತ್ತಲಾಗ ಕೈಗೆ ಸಿಕ್ಕಿದ್ದು. ಯಾರವು ಅಂತ ನೋಡ್ಲಿಲ್ಲ.”

“ಮುಂಜಾನೆ ಗೊತ್ತಾತಲ್ಲ?”

ವಿದ್ಯಾಶ್ರೀ ಶೆಡ್ಡಿನ ಕಡೆ ನೋಡಿದಳು.

“ಗೊತ್ತಾದ ಮ್ಯಾಲೂ ಸುಮ್ಮನ ಕುಂತ್ರಿ. ಆ ಹುಡುಗ ಸ್ಟೂಲಿನ ಮ್ಯಾಲ ಕುಂತು ಜೀಪಿನ ಸಪ್ಪಳ ಕೇಳಾಕತ್ತಾನ. ಖಾರಾ ಸೈತ ಇಳಿವಲ್ದು ಅವಂಗ.”

“ಅವನನ್ನ ಬಿಡಸ್ಲಿ ಅಂತನ ನಿಮ್ಮನ್ನ ಕರಿಸಿದ್ದು!”

“ಬಿಡಸಾಕ ನಾ ಯಾಕ ಬೇಕಿತ್ತು? ನಿಮ್ಮ ಬಾಯಿ ಸಾಕಿತ್ತು.”

ವಿದ್ಯಾಶ್ರೀ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

“ಬೈರಿ. ಬೈಸಿಕೊಳ್ಳಾಕ ಲಾಯಕ್ಕ ಇದ್ದೇನಿ. ಪಿ.ಎಸ್.ಐ. ಮುಂದ ನಾನ ಹೇಳ್ತೇನಿ, ಜೀಪೂ ನಾನ ಹತ್ತತೇನಿ. ಆದ್ರ ನಿಮ್ಮನ್ನ ಕರಿಸಿದ್ದು ಇನ್ನೊಂದಕ್ಕೂ. ಒಂದ ದಿಂಡು ಇಲ್ಲಂದ್ರ ಬೆಳ್ಳಕ್ಕಿ ಬೀಳೂದಿಲ್ಲ, ಓರೆ ಆಗಿ ನಿಲ್ತೈತಿ. ಲೆಕ್ಕಾ ಮಾಡೇ ತಗದಿದ್ದೆ. ಬರೋಬ್ಬರಿ ಹತ್ಯಾರದಿಂದ, ಒಂದೂ ಸ್ಕ್ರೂಕ್ಕ ಗೀರು ಬೀಳದಂಗ.”

ಸಾವಂತ್ರವ್ವನ ಕಣ್ಣ ಮುಂದೆ ಎರಡು ಮುಚ್ಚಳಗಳು ಬಂದವು. ಒಂದರಲ್ಲಿ ನುಣ್ಣಗಿನ ತಲೆಗಳು. ಇನ್ನೊಂದರಲ್ಲಿ ಕಿತ್ತುಹೋದವು.

“ನಾ ತಗದಿದ್ದು ಒಂದ ಅಕ್ಕಾರ,” ಎಂದಳು ವಿದ್ಯಾಶ್ರೀ. “ಎರಡನೇದು ಯಾರ ತಗದ್ರು?”

ಸವಣೂರ ದಾರಿಯಲ್ಲಿ ಜೀಪು ತಿರುಗಿದ ಸಪ್ಪಳ ಕೇಳಿತು. ಸಾವಂತ್ರವ್ವ ಶೆಡ್ಡಿನ ಕಡೆ ನೋಡಿದಳು. ಹಿಂಬಾಗಿಲಲ್ಲಿ ಮಾಲತೇಶ ನಿಂತಿದ್ದ. ಹರಿದ ತೋಳನ್ನು ಮಡಚುತ್ತ, ಎಲ್ಲವನ್ನೂ ಕೇಳಿಸಿಕೊಂಡವನ ಹಾಗೆ. ತೋಟದೊಳಗೆ ಓಡಿದವನು ಅವನಲ್ಲ ಎಂದು ಈಗಷ್ಟೇ ಅವಳೇ ಕಣ್ಣಾರೆ ಕಂಡಿದ್ದಳು. ಆದರೆ ಬಾಗಿಲ ಬೀಗದಕೈ ಸೊಂಟದಲ್ಲಿದ್ದವನು ತೋಟದೊಳಗೆ ಯಾಕೆ ಓಡಬೇಕು?

ಅವನು ಬಾಗಿಲು ಎಳೆದುಕೊಂಡ. ಒಳಗಿನಿಂದ ಚಿಲಕ ಬಿದ್ದಿತು. ಒಳಗೆ ಶಾಹಬಾಜನಿದ್ದ.

ಆ ಸಂಜೆ ಅಪವಾದದಿಂದ ಉಳಿದದ್ದು ಒಬ್ಬ ಹುಡುಗನ ಹೆಸರು. ಜೀಪು ಹತ್ತಿ ಹೋಗಬೇಕಾದದ್ದು ಸಾವಂತ್ರವ್ವನನ್ನು ಕರೆಸಿದವಳೇ. ಆದರೆ ಚಿಲಕದ ಹಿಂದೆ ಮಾಲತೇಶನ ಕೈಗೆ ಸಿಕ್ಕ ಆ ಹುಡುಗನ ಜೀವ ಉಳಿಯುವುದೋ ಇಲ್ಲವೋ ಎಂದು ಹೇಳುವವರು ಯಾರೂ ಇರಲಿಲ್ಲ.